ಅಳಿಸಿದರೂ ಹೋಗದ ಫೈಲ್

ರಾತ್ರಿ ಹನ್ನೊಂದಕ್ಕೆ ಕಿರಿಯ ಸಹೋದ್ಯೋಗಿಯ ಫೋನ್. ಸರ್ವರ್‌ನ ಡಿಸ್ಕ್ ತುಂಬಿ, ಡೇಟಾಬೇಸ್ ಹೊಸದೇನನ್ನೂ ಬರೆದುಕೊಳ್ಳದೆ ನಿಂತಿತ್ತು. ಪ್ರೋಗ್ರಾಂ ತನ್ನ ದಿನಚರಿ ಬರೆದಿಡುವ, ಕೆಲಸಕ್ಕೆ ಬಾರದ ಲಾಗ್ ಫೈಲ್ ಒಂದು 62 ಜಿಬಿ ಆಗಿರುವುದನ್ನು ಕಂಡು, ಆರ್‌ಎಂ ಕಮಾಂಡ್ ಕೊಟ್ಟು ಅಳಿಸಿದ್ದನಂತೆ. ಆದರೆ ಡಿಸ್ಕ್ ಎಷ್ಟು ತುಂಬಿದೆ ಎಂದು ಹೇಳುವ ಡಿಎಫ್ ಕಮಾಂಡ್ ಇನ್ನೂ ಶೇ. 100 ಎಂದೇ ತೋರಿಸುತ್ತಿತ್ತು.

ನಾನೂ ಲಾಗಿನ್ ಆಗಿ ನೋಡಿದೆ. ಡಿಎಫ್ ಪ್ರಕಾರ 93 ಜಿಬಿ ಬಳಕೆ. ಹೆಸರಿರುವ ಫೈಲ್‌ಗಳನ್ನು ಒಂದೊಂದಾಗಿ ಎಣಿಸುವ ಡಿಯು ಕೂಡಿಸಿದರೆ ಸಿಕ್ಕಿದ್ದು 31 ಮಾತ್ರ. ಅಳಿಸಿದಷ್ಟೇ ಲೆಕ್ಕಕ್ಕೆ ಸಿಗುತ್ತಿಲ್ಲ.

"ಸರ್, ರೀಸ್ಟಾರ್ಟ್ ಮಾಡಿಬಿಡಲೇ?"

"ಬೇಡಪ್ಪ, ಸ್ವಲ್ಪ ತಾಳು."

ಯುನಿಕ್ಸ್‌ನಲ್ಲಿ (ನಮ್ಮ ಸರ್ವರ್‌ನ ಲಿನಕ್ಸ್ ಕೂಡ ಅದೇ ಬಗೆಯದು) ಹೆಸರು ಬೇರೆ, ಫೈಲ್ ಬೇರೆ. ಡೈರೆಕ್ಟರಿ ಎಂಬುದು ಹಾಜರಿ ಪುಸ್ತಕದಂತೆ: ಹೆಸರು, ಅದರ ಮುಂದೆ ನಿಜವಾದ ಫೈಲನ್ನು ಗುರುತಿಸುವ ಐನೋಡ್ ಸಂಖ್ಯೆ. ಆರ್‌ಎಂ ಹೊಡೆದುಹಾಕುವುದು ಆ ಹೆಸರನ್ನಷ್ಟೇ. 1971ರ ಮೊದಲ ಆವೃತ್ತಿಯಿಂದಲೂ ಈ ಕೆಲಸ ಮಾಡುವ ಸಿಸ್ಟಂ ಕಾಲ್‌ಗೆ (ಪ್ರೋಗ್ರಾಂ ಆಪರೇಟಿಂಗ್ ಸಿಸ್ಟಂಗೆ ಸಲ್ಲಿಸುವ ಕೋರಿಕೆ) ಇರುವ ಹೆಸರು 'ಅನ್‌ಲಿಂಕ್', ಅಂದರೆ ಕೊಂಡಿ ಕಳಚು. ಎಷ್ಟು ಪ್ರಾಮಾಣಿಕವಾದ ಹೆಸರು! ಕೊನೆಯ ಹೆಸರು ಹೋಗಿ, ಫೈಲನ್ನು ತೆರೆದಿಟ್ಟುಕೊಂಡ ಕೊನೆಯ ಪ್ರೋಸೆಸ್ಸೂ (ಓಡುತ್ತಿರುವ ಪ್ರೋಗ್ರಾಂ) ಕೈಬಿಟ್ಟಾಗಲೇ ಜಾಗ ತೆರವಾಗುವುದು.

ಹಾಗಾದರೆ ಯಾರೋ ಅದನ್ನು ಹಿಡಿದುಕೊಂಡಿದ್ದಾರೆ. ತೆರೆದಿರುವ ಫೈಲ್‌ಗಳನ್ನು ಪಟ್ಟಿ ಮಾಡುವ ಎಲ್‌ಎಸ್‌ಓಎಫ್ ಕಮಾಂಡಿಗೆ, ಹೆಸರಿಲ್ಲದವನ್ನಷ್ಟೇ ತೋರಿಸಲು ಪ್ಲಸ್ ಎಲ್ 1 ಸೇರಿಸಿ ಕೊಟ್ಟೆ. ಲಿಂಕ್ ಎಣಿಕೆ, ಅಂದರೆ ಹೆಸರುಗಳ ಎಣಿಕೆ, ಸೊನ್ನೆಯಾದ ಫೈಲ್ ಒಂದೇ ಒಂದು: ಪ್ರೋಸೆಸ್ 2417, ಡಿಸ್ಕ್ರಿಪ್ಟರ್ (ತೆರೆದ ಫೈಲಿಗೆ ಆ ಪ್ರೋಸೆಸ್‌ನಲ್ಲಿರುವ ಸಂಖ್ಯೆ) 4, ಸಾಲಿನ ತುದಿಯಲ್ಲಿ 'ಡಿಲೀಟೆಡ್'. ನಮ್ಮದೇ ಮೇಲ್ ಕಳುಹಿಸುವ ಪ್ರೋಗ್ರಾಂ ಅಳಿಸಿದ ಲಾಗ್‌ಗೆ ಇನ್ನೂ ಬರೆಯುತ್ತಲೇ ಇತ್ತು.

ಲಿನಕ್ಸ್ ಆದ್ದರಿಂದ ಇನ್ನೊಂದು ಅನುಕೂಲವಿತ್ತು. ಓಡುತ್ತಿರುವ ಪ್ರೋಸೆಸ್‌ಗಳ ವಿವರ ಸಿಗುವ ಪ್ರೋಕ್ ಡೈರೆಕ್ಟರಿಯಲ್ಲಿ 2417, ಅದರೊಳಗೆ ಎಫ್‌ಡಿ, ಅದರೊಳಗೆ 4. ಹೆಸರು ಅಳಿದ ಫೈಲಿಗೆ ಇದು ಹಿತ್ತಲ ಬಾಗಿಲು. ಖಾಲಿ ಮಾಡುವ ಮುನ್ನ ಅಲ್ಲಿಂದಲೇ ಟೇಲ್ ಕೊಟ್ಟು ಕೊನೆಯ ಸಾಲುಗಳನ್ನು ಓದಿದೆ. ಒಂದೇ ದೂರು, ಮತ್ತೆ ಮತ್ತೆ: ಮೇಲ್ ಸರ್ವರ್ ಸಂಪರ್ಕ ಸಿಗುತ್ತಿಲ್ಲ. ಪ್ರತಿ ಸೆಕೆಂಡಿಗೆ ಹತ್ತಾರು ಸಲ, ನಡುವೆ ಬಿಡುವೇ ಇಲ್ಲ. ರೀಸ್ಟಾರ್ಟ್ ಮಾಡಿದ್ದರೆ ಜಾಗವೇನೋ ಸಿಗುತ್ತಿತ್ತು, ಆದರೆ ಈ ಸಾಲುಗಳು ಹೋಗಿಬಿಡುತ್ತಿದ್ದವು. ಮುಂದಿನ ವಾರ ಮತ್ತೆ ಇದೇ ಹೊತ್ತಿಗೆ ಇದೇ ಫೋನ್ ಬರುತ್ತಿತ್ತು.

ಸಾವಿರ ಸಾಲುಗಳನ್ನು ಬೇರೆ ಯಂತ್ರಕ್ಕೆ ನಕಲು ಮಾಡಿ, ಅದೇ ದಾರಿಯಲ್ಲಿ ಟ್ರಂಕೇಟ್ ಕಮಾಂಡಿನಿಂದ ಫೈಲ್ ಗಾತ್ರವನ್ನು ಸೊನ್ನೆಗೆ ತಂದೆ. ಡಿಎಫ್ ತಕ್ಷಣ 31ಕ್ಕೆ ಇಳಿಯಿತು. ಡೇಟಾಬೇಸ್ ಬರೆಯತೊಡಗಿತು.

ಫೋನ್ ಇಡದೆ ಕಾದಿದ್ದ ಹುಡುಗ ಅಷ್ಟರಲ್ಲಿ ಕಾನ್ಫಿಗರೇಷನ್ ಫೈಲ್ ತೆರೆದಿದ್ದ. "ಸರ್, ಇಲ್ಲಿ ಹಳೆಯ ಮೇಲ್ ಸರ್ವರ್ ವಿಳಾಸವೇ ಇದೆ" ಎಂದ.