ಪಾಯಿಂಟ್ ತಿರುಗಿದರೆ ಸಾಲದು, ಕೂರಬೇಕು

ಹಾಸನ ಸ್ಟೇಷನ್ನಿಗೆ ನಾಲ್ಕು ದಿಕ್ಕಿನಿಂದ ಗಾಡಿ ಬರುತ್ತವೆ: ಅರಸೀಕೆರೆ, ಮೈಸೂರು, ಸಕಲೇಶಪುರದ ಮೇಲೆ ಮಂಗಳೂರು, 2017ರಿಂದ ಶ್ರವಣಬೆಳಗೊಳದ ಮೇಲೆ ಬೆಂಗಳೂರು. ಇವುಗಳಲ್ಲಿ ಯಾವುದಕ್ಕೂ ಸ್ಟೀರಿಂಗ್ ಇಲ್ಲ. ಲೋಕೋ ಪೈಲಟ್ ವೇಗ ಹೆಚ್ಚಿಸಬಹುದು, ಬ್ರೇಕ್ ಹಾಕಬಹುದು, ಅಷ್ಟೇ. ಯಾವ ಲೈನಿಗೆ ಹೋಗಬೇಕು ಅನ್ನುವುದನ್ನು ಹಳಿಯೇ, ಅಂದರೆ ಹಳಿ ಕವಲೊಡೆಯುವ ಕಡೆ ಇರುವ ಪಾಯಿಂಟೇ ತೀರ್ಮಾನಿಸುತ್ತದೆ.

ತುದಿ ಚೂಪಾಗಿ ಸವರಿದ, ಅತ್ತಿತ್ತ ಸರಿಯುವ ಎರಡು ಟಂಗ್ ರೈಲು, ಅವುಗಳ ಹೊರಗೆ ಕದಲದ ಎರಡು ಸ್ಟಾಕ್ ರೈಲು. ಇದೇ ಪಾಯಿಂಟ್. ಟಂಗ್‌ಗಳನ್ನು ಒಂದಕ್ಕೊಂದು ಸರಳಿನಿಂದ ಬಿಗಿದಿರುವುದರಿಂದ ಒಂದು ಟಂಗ್ ತನ್ನ ಸ್ಟಾಕ್ ರೈಲಿಗೆ ಒತ್ತಿ ಕೂತಾಗ ಇನ್ನೊಂದು ದೂರ ಸರಿಯುತ್ತದೆ. ಹಳೆಯ ಮಾದರಿಯಲ್ಲಿ ಆ ಸಂದು 115 ಮಿ.ಮೀ., ಈಗಿನ ದಪ್ಪ ಟಂಗ್‌ಗಳಲ್ಲಿ 160. ಚಕ್ರದ ಒಳ ಏಣು ದಾಟುವುದು ಆ ಸಂದಿನಲ್ಲೇ.

ಇನ್ನಷ್ಟು ಮುಂದೆ ಎರಡು ಹಳಿ ಕತ್ತರಿಸಿಕೊಳ್ಳುವ ಜಾಗ ಕ್ರಾಸಿಂಗ್. ಅಲ್ಲಿ ಹಳಿ ಸ್ವಲ್ಪ ತುಂಡಾಗಿರುತ್ತದೆ, ಗಾಡಿಯಲ್ಲಿ ಕೂತವರಿಗೆ ಕೇಳುವ 'ಖಟ್' ಅದರದ್ದು. ಆ ಕ್ಷಣದಲ್ಲಿ ಚಕ್ರ ಅತ್ತಿತ್ತ ಹೋಗದ ಹಾಗೆ ಎದುರು ಹಳಿಯ ಒಳಗೆ ಚೆಕ್ ರೈಲು ಕೂರಿಸಿರುತ್ತಾರೆ. ಎರಡರ ನಡುವೆ 44ರಿಂದ 48 ಮಿ.ಮೀ. ಸಂದು ಇರಬೇಕು. ಸವೆದು ಅಗಲವಾದರೆ ಇನ್ನೊಂದು ಬದಿಯ ಚಕ್ರ ಕ್ರಾಸಿಂಗಿನ ಮೂಗಿಗೆ ಹೊಡೆಯುತ್ತದೆ. ಲೂಪ್ ಲೈನಿಗೆ, ಅಂದರೆ ಸ್ಟೇಷನ್ನಿನಲ್ಲಿ ಮುಖ್ಯ ಲೈನಿನ ಪಕ್ಕದ ಲೈನಿಗೆ, ತಿರುಗುವ ಸಾಮಾನ್ಯ ಪಾಯಿಂಟ್ 1:12 (ಕ್ರಾಸಿಂಗಿನಲ್ಲಿ 12 ಮೀಟರ್ ಮುಂದೆ ಹೋದರೆ 1 ಮೀಟರ್ ಪಕ್ಕಕ್ಕೆ), ಅದರ ಮೇಲೆ ವೇಗ ಗಂಟೆಗೆ 30 ಕಿ.ಮೀ. ಇನ್ನೂ ಕಡಿದಾದ 1:8.5 ಆದರೆ 15ಕ್ಕೆ ಇಳಿಯುತ್ತದೆ.

ಒಂದು ಲೈನಿನಿಂದ ಪಕ್ಕದ ಲೈನಿಗೆ ದಾಟಿಸುವ ಕ್ರಾಸೋವರ್ ಅಂದರೆ ಎದುರುಬದುರಾಗಿ ಜೋಡಿಸಿದ ಎರಡು ಪಾಯಿಂಟ್. ಎರಡಕ್ಕೂ ನಂಬರ್ ಒಂದೇ, ಎ ಮತ್ತು ಬಿ ಅಂತ ಮಾತ್ರ ಬೇರೆ. ಒಂದು ತಿರುಗಿ ಇನ್ನೊಂದು ತಿರುಗದೆ ಉಳಿದರೆ ಮುಂದೆ ಹೋಗುವ ಸಿಗ್ನಲ್ ಬೀಳುವುದೇ ಇಲ್ಲ.

ಈ ಸಿಗ್ನಲ್ ವಿಷಯವನ್ನೇ ಜನ ಗಮನಿಸುವುದಿಲ್ಲ. ಮೋಟಾರು ಟಂಗ್‌ಗಳನ್ನು ದೂಡಲು ಐದಾರು ಸೆಕೆಂಡು ಸಾಕು. ಆದರೆ ಟಂಗ್ ಪೂರ್ತಿ ಒತ್ತಿ ಕೂತಿದೆ, ಬೀಗ ಬಿದ್ದಿದೆ ಎಂದು ಮೆಷಿನ್ ತಿಳಿಸುವವರೆಗೆ ಕೆಂಪು ಕೆಂಪೇ. ಇದನ್ನು ಪರೀಕ್ಷಿಸಲು ಟಂಗ್ ತುದಿಯಿಂದ 150 ಮಿ.ಮೀ. ಒಳಗೆ, ಟಂಗ್ ಮತ್ತು ಸ್ಟಾಕ್ ರೈಲಿನ ನಡುವೆ 5 ಮಿ.ಮೀ. ದಪ್ಪದ ಕಬ್ಬಿಣದ ತುಂಡಿಟ್ಟು ಪಾಯಿಂಟ್ ತಿರುಗಿಸುತ್ತಾರೆ. ಆಗ ಬೀಗ ಬೀಳಬಾರದು, ಮೋಟಾರಿನ ಕ್ಲಚ್ ಜಾರಬೇಕು. ಬೀಗ ಬಿದ್ದರೆ ಆ ಪಾಯಿಂಟನ್ನು ನಂಬುವ ಹಾಗಿಲ್ಲ. ನನ್ನ ಮಟ್ಟಿಗೆ ಇಡೀ ಯಾರ್ಡಿನಲ್ಲಿ ಇದಕ್ಕಿಂತ ಬೆಲೆಯುಳ್ಳ ಪರೀಕ್ಷೆ ಇನ್ನೊಂದಿಲ್ಲ.

ಮಲೆನಾಡಿನ ಮಳೆಯಲ್ಲಿ ಇದೇ ಸಂದಿಗೆ ಜಲ್ಲಿ ಕಲ್ಲು ಸಿಕ್ಕಿಕೊಳ್ಳುತ್ತದೆ, ಟಂಗ್ ಜಾರುವ ತಟ್ಟೆಯ ಮೇಲೆ ಕೆಸರು ಕೂರುತ್ತದೆ. ಗಾಡಿ ಸ್ಟೇಷನ್ನಿನ ಹೊರಗೆ ಹೋಮ್ ಸಿಗ್ನಲ್ಲಿನಲ್ಲಿ ನಿಲ್ಲುವುದಕ್ಕೆ ಇದೂ ಒಂದು ಕಾರಣ. ಕಲ್ಲು ತೆಗೆದ ಮೇಲೂ ಮೋಟಾರು ತಿರುಗಿಸದಿದ್ದರೆ ಬೀಗದೊಳಗಿಟ್ಟ ಕ್ರ್ಯಾಂಕ್ ಹ್ಯಾಂಡಲ್ ತಂದು ಕೈಯಿಂದ ತಿರುಗಿಸಬೇಕು. ಹ್ಯಾಂಡಲ್ ಹೊರಬಂದರೆ ಮೋಟಾರಿಗೆ ಕರೆಂಟ್ ಹೋಗದು, ಆದ್ದರಿಂದ ಕೆಲಸ ಮಾಡುವವನ ಕೈ ಸುರಕ್ಷಿತ. ನಂತರ ಟಂಗ್‌ಗೆ ಕ್ಲ್ಯಾಂಪ್ ಬಿಗಿದು ಬೀಗ ಹಾಕಿ, ಲೋಕೋ ಪೈಲಟ್‌ಗೆ ಲಿಖಿತ ಅಪ್ಪಣೆ ಕೊಟ್ಟ ಮೇಲೆಯೇ ಗಾಡಿ ಕದಲುತ್ತದೆ. ಇಪ್ಪತ್ತು ನಿಮಿಷ ಹಿಡಿದರೂ ಅದು ಸರಿಯಾದ ಇಪ್ಪತ್ತು ನಿಮಿಷ.

ಹಿಂಬದಿಯಿಂದ, ಅಂದರೆ ಕ್ರಾಸಿಂಗಿನ ಕಡೆಯಿಂದ, ತನಗೆ ತಿರುಗಿಸದ ಪಾಯಿಂಟಿನ ಮೇಲೆ ಗಾಡಿ ನುಗ್ಗಿದರೆ ಚಕ್ರಗಳೇ ಟಂಗನ್ನು ಬಿಡಿಸಿಕೊಂಡು ದಾಟುತ್ತವೆ, ಸರಳು ಬಾಗುತ್ತದೆ. ಹಾಗಾದ ಮೇಲೆ ಗಾಡಿಯನ್ನು ಹಿಂದಕ್ಕೆ ತರಲೇಬಾರದು. ತಂದರೆ ಒಂದು ಬೋಗಿ ಒಂದು ಲೈನಿಗೆ, ಇನ್ನೊಂದು ಬೋಗಿ ಇನ್ನೊಂದು ಲೈನಿಗೆ ಹೋಗಿ ಹಳಿ ತಪ್ಪುತ್ತವೆ.

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿನ ಕಡೆ ಘಟ್ಟ ಇಳಿಯುವಾಗ 50 ಮೀಟರಿಗೆ 1 ಮೀಟರ್ ಇಳಿಜಾರು. ಅಂಥ ಕಡೆ ಕ್ಯಾಚ್ ಸೈಡಿಂಗಿನ ಪಾಯಿಂಟ್ ಸದಾ ಏರುಮುಖದ ಕುರುಡು ಹಳಿಯ ಕಡೆಗೇ ತಿರುಗಿರುತ್ತದೆ, ಬ್ರೇಕ್ ಹಿಡಿಯದ ಗಾಡಿ ಅದನ್ನು ಹತ್ತಿ ನಿಲ್ಲಲಿ ಎಂದು. ಇಳಿದು ಬಂದ ಗಾಡಿ ನಿಂತಿದೆ ಎಂದು ಖಚಿತವಾದ ಮೇಲಷ್ಟೇ ಪಾಯಿಂಟನ್ನು ಸ್ಟೇಷನ್ನಿನ ಕಡೆಗೆ ತಿರುಗಿಸುತ್ತಾರೆ.