ಅಂತ್ಯ ಗೊತ್ತಿರುವ ಕಥೆಯ ಆರಂಭ

‘ವೆನ್ ಹ್ಯಾರಿ ಮೆಟ್ ಸ್ಯಾಲಿ’ (1989) ಚಿತ್ರವನ್ನು ನಿನ್ನೆ ರಾತ್ರಿ ಮತ್ತೆ ನೋಡುವಾಗ ಅದರ ಆರಂಭವೇ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿತು. ನಾಯಕ ನಾಯಕಿಯರು ತೆರೆಗೆ ಬರುವ ಮೊದಲೇ ಸೋಫಾದ ಮೇಲೆ ಕುಳಿತ ವೃದ್ಧ ದಂಪತಿ ಕಾಣಿಸುತ್ತಾರೆ. ಕೆಫೆಟೇರಿಯಾದಲ್ಲಿ ಕಂಡ ಹುಡುಗಿಯನ್ನೇ ಮದುವೆಯಾಗುತ್ತೇನೆಂದು ಗೆಳೆಯನಿಗೆ ಹೇಳಿ, ಎರಡು ವಾರಗಳಲ್ಲಿ ಹಾಗೆಯೇ ಮಾಡಿ, ಐವತ್ತು ವರ್ಷಗಳ ನಂತರವೂ ಜೊತೆಯಾಗಿರುವ ಕಥೆಯನ್ನು ಗಂಡ ಹೇಳುತ್ತಾನೆ. ಪ್ರೇಮಹಾಸ್ಯ ಚಿತ್ರದ ಜೋಡಿ ಕೊನೆಗೆ ಒಂದಾಗುತ್ತದೆಂಬುದು ಟಿಕೆಟ್ ಕೊಳ್ಳುವಾಗಲೇ ನಮಗೆ ಗೊತ್ತಿರುತ್ತದೆ. ಅದನ್ನು ಬಚ್ಚಿಡುವ ಬದಲು, ಚಿತ್ರಕಥೆ ಬರೆದ ನೋರಾ ಎಫ್ರಾನ್ ಮತ್ತು ನಿರ್ದೇಶಕ ರಾಬ್ ರೈನರ್ ಮೊದಲು ಆ ಭರವಸೆಯನ್ನು ಕೊಟ್ಟು, ಮರುಕ್ಷಣವೇ ಅದು ಅಸಾಧ್ಯವೆನ್ನಿಸುವಂತೆ ಮಾಡುತ್ತಾರೆ. 1977ರ ಷಿಕಾಗೊ ವಿಶ್ವವಿದ್ಯಾಲಯದ ಆವರಣದಲ್ಲಿ ಹ್ಯಾರಿ ಮತ್ತೊಬ್ಬಳನ್ನು ಚುಂಬಿಸುತ್ತಿರುವಾಗ ಸ್ಯಾಲಿ ಕಾರಿನಲ್ಲಿ ಕಾಯುತ್ತಿರುತ್ತಾಳೆ. ನ್ಯೂಯಾರ್ಕಿನ ದಾರಿಯಲ್ಲಿ ಅವನು ಉಗುಳಿದ ದ್ರಾಕ್ಷಿ ಬೀಜ ಮುಚ್ಚಿದ ಗಾಜಿಗೆ ಬಡಿಯುತ್ತದೆ. ಅವಳೋ ಒಂದು ತುಂಡು ಆಪಲ್ ಪೈ ತರಿಸಲು ಷರತ್ತುಗಳ ಸರಮಾಲೆಯನ್ನೇ ಒಪ್ಪಿಸುತ್ತಾಳೆ. ಇಬ್ಬರ ಸ್ವಭಾವವನ್ನು ತಿಳಿಸಲು ಇದಕ್ಕಿಂತ ಹೆಚ್ಚಿನ ಪೀಠಿಕೆ ಬೇಕಿಲ್ಲ.

ಫ್ರಾಂಕ್ ಕಾಪ್ರಾ 1934ರಲ್ಲೇ ‘ಇಟ್ ಹ್ಯಾಪನ್ಡ್ ಒನ್ ನೈಟ್’ ಚಿತ್ರವನ್ನು ಇಷ್ಟೇ ಚುರುಕಾಗಿ ಆರಂಭಿಸಿದ್ದರು: ತಂದೆಯ ವಿಹಾರನೌಕೆಯಲ್ಲಿ ಊಟ ಬಿಟ್ಟು ಹಟ ಹಿಡಿದ ಶ್ರೀಮಂತ ಮಗಳು ನೀರಿಗೆ ಹಾರಿ ಈಜಿ ಪಾರಾಗುತ್ತಾಳೆ. ನಾಯಕ ಇನ್ನೂ ಕಾಣಿಸಿಕೊಂಡಿಲ್ಲ, ಆದರೆ ಅವನಿಗೆ ಎಂಥವಳು ಎದುರಾಗಲಿದ್ದಾಳೆ ಎಂಬುದು ಆಗಲೇ ಸ್ಪಷ್ಟ. ಈ ಕೆಲಸವನ್ನೆಲ್ಲ ಹಿನ್ನೆಲೆ ಧ್ವನಿಯ ವಿವರಣೆಗೆ ವಹಿಸಿಬಿಡುವ ಇತ್ತೀಚಿನ ಅನೇಕ ಚಿತ್ರಗಳ ಪದ್ಧತಿ ನನಗೆ ಬರೀ ಸೋಮಾರಿತನವೆಂದೇ ತೋರುತ್ತದೆ.