ದೊಡ್ಡಾಟದಲ್ಲಿ ಕುಣಿತ ಮುಗಿದು ಮಾತು ಹುಟ್ಟುವ ಗಳಿಗೆ

ಹಾವೇರಿ, ಗದಗ, ಧಾರವಾಡ ಸೀಮೆಯ ಹಳ್ಳಿಗಳಲ್ಲಿ ಅಟ್ಟ ಕಟ್ಟಿ ಆಡುವ ಜನಪದ ನಾಟಕವಾದ ದೊಡ್ಡಾಟವನ್ನು ಹೊರಗಿನವರು ಮೊದಲು ಗುರುತಿಸುವುದು ಅದರ ಕಿರೀಟ, ಭುಜಕೀರ್ತಿ, ಎದೆಹಾರಗಳ ಝಗಮಗದಿಂದ. ನನಗೆ ಮಾತ್ರ ಈ ಕಲೆಯ ಜೀವಾಳವೆಂದು ತೋರುವುದು ಪದ, ಅಂದರೆ ಹಾಡು, ಮುಗಿದು ಮಾತು ಆರಂಭವಾಗುವ ಗಳಿಗೆ.

ಅಟ್ಟದ ಹಿಂಬದಿಯಲ್ಲಿ ನಿಂತ ಹಿಮ್ಮೇಳದವರು ಮದ್ದಳೆ, ತಾಳ, ಹಾರ್ಮೋನಿಯಂಗಳೊಂದಿಗೆ ಪದ ಹಾಡುತ್ತಿರುವಾಗ ಪಾತ್ರಧಾರಿಯು ಗೆಜ್ಜೆಗಾಲಿನಿಂದ ಹಲಗೆಯನ್ನು ತುಳಿಯುತ್ತ ಕುಣಿಯುತ್ತಾನೆ. ಮದ್ದಳೆ ನಿಂತೊಡನೆ ಅದೇ ಪದದ ಭಾವವನ್ನು ಗದ್ಯದಲ್ಲಿ ಹಿಗ್ಗಿಸಿ ನುಡಿಯುತ್ತಾನೆ. ಆಗ ಅವನ ಉಸಿರು ಇನ್ನೂ ಇಳಿದಿರುವುದಿಲ್ಲ. ಮಾತು ಎಲ್ಲಿ ತಡೆಯಬೇಕು, ಯಾವ ಅಕ್ಷರವನ್ನು ಎಳೆಯಬೇಕು, ಎಲ್ಲಿ ಕೈ ಮೇಲೇಳಬೇಕು ಎಂಬುದನ್ನು ಆ ಉಸಿರೇ ನಿರ್ಣಯಿಸುತ್ತದೆ. ಪಾತ್ರಗಳನ್ನು ಮಾತಾಡಿಸುವ ಸಾರಥಿಯು ತಾವು ಯಾರೆಂದು ಕೇಳಿದಾಗ ರಾಜವೇಷದವನು ತನ್ನ ಹೆಸರು, ಪಟ್ಟಣ, ಪರಾಕ್ರಮಗಳನ್ನು ಒಂದೊಂದಾಗಿ ಸಾರುವ ಸಂದರ್ಭದಲ್ಲಂತೂ ಕುಣಿತದ ಲಯವು ನುಡಿಯೊಳಗೇ ಮುಂದುವರಿಯುತ್ತದೆ.

ಇದನ್ನು ಬೇರೊಂದು ಕಲೆಯೊಂದಿಗೆ ಹೋಲಿಸಿ ನೋಡಬಹುದು. ಯುರೋಪಿನಲ್ಲಿ 1912ರ ಸುಮಾರಿಗೆ ಚಿಂತಕ ರುಡಾಲ್ಫ್ ಸ್ಟೈನರ್ ರೂಪಿಸಿದ ಯೂರಿದ್ಮಿ ಎಂಬ ಕಲೆಯಲ್ಲಿ ಪ್ರತಿಯೊಂದು ಸ್ವರಕ್ಕೂ ವ್ಯಂಜನಕ್ಕೂ ಒಂದೊಂದು ಅಂಗಚಲನೆಯಿದೆ. ಅಲ್ಲಿ ಕವಿತೆಯನ್ನು ಓದುವವರು ಬೇರೆ, ಚಲಿಸುವವರು ಬೇರೆ, ಚಲಿಸುವವರು ಮೌನವಾಗಿರುತ್ತಾರೆ. ಧ್ವನಿಯನ್ನು ಕಣ್ಣಿಗೆ ಕಾಣಿಸುವುದು ಅದರ ಗುರಿಯಾದ್ದರಿಂದ ಆ ವಿಭಜನೆ ಅಲ್ಲಿಗೆ ಸಲ್ಲುತ್ತದೆ. ದೊಡ್ಡಾಟದಲ್ಲಿ ಕುಣಿದ ದೇಹವೇ ನುಡಿಯಬೇಕು. ಅವೆರಡನ್ನೂ ಬೇರ್ಪಡಿಸಿದರೆ ಉಳಿಯುವುದು ವೇಷ ತೊಟ್ಟವನ ಭಾಷಣವಷ್ಟೇ.

ಇಡೀ ರಾತ್ರಿಯ ಆಟ ಈಗ ಎರಡು-ಮೂರು ತಾಸಿಗೆ ಇಳಿಯುತ್ತಿರುವುದನ್ನು ನಾನು ವಿರೋಧಿಸುವುದಿಲ್ಲ. ಶಿಗ್ಗಾವಿ ಸೀಮೆಯ ಕಲಾವಿದ ಟಿ.ಬಿ. ಸೊಲಬಕ್ಕನವರ ಅವರಂಥವರು ದೊಡ್ಡಾಟವನ್ನು ಇಂದಿನ ರಂಗಕ್ಕೆ ಒಗ್ಗಿಸಲು ಶ್ರಮಿಸಿದ್ದರಿಂದಲೇ ಅದು ಹೊಸ ಪ್ರೇಕ್ಷಕರನ್ನು ತಲುಪಿತು. ಆದರೆ ಕೆಲವು ಪ್ರಯೋಗಗಳಲ್ಲಿ ಮೊದಲು ಕತ್ತರಿ ಬೀಳುವುದು ಕುಣಿತಕ್ಕೆ: ಪದದ ಒಂದು ಸಾಲು ಹಾಡಿಸಿ, ಎರಡು ಹೆಜ್ಜೆ ಹಾಕಿಸಿ, ಪಾತ್ರಧಾರಿಯನ್ನು ಮೈಕಿನ ಮುಂದೆ ತಂದು ನಿಲ್ಲಿಸುತ್ತಾರೆ. ಅವನ ಮಾತು ಸ್ಪಷ್ಟವಾಗಿ ಕೇಳಿಸುತ್ತದೆ, ಆದರೆ ಅದರ ಬಿಸಿ ಆರಿರುತ್ತದೆ.

ಕಡಿಮೆ ಮಾಡಲೇಬೇಕಾದರೆ ಉಪಕಥೆಗಳನ್ನು ಬಿಡಲಿ, ಪದಗಳ ಸಂಖ್ಯೆಯನ್ನೂ ಇಳಿಸಲಿ. ಉಳಿಸಿಕೊಂಡ ಪದವನ್ನು ಮಾತ್ರ ಪೂರ್ತಿ ಕುಣಿಸಲಿ. ತಾಲೀಮಿನಲ್ಲಿಯೂ ಹುಡುಗರನ್ನು ಕೂಡಿಸಿ ಮಾತು ಬಾಯಿಪಾಠ ಮಾಡಿಸಿದರೆ ಸಾಲದು. ಮಾಸ್ತರರು ಪದವನ್ನು ಹಾಡಿ, ಕುಣಿಸಿ, ಆ ಏದುಸಿರಿನಲ್ಲಿಯೇ ಅವರಿಂದ ನುಡಿಸಬೇಕು. ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ ನಮ್ಮ ನೆರೆಯಲ್ಲಿಯೇ ಇರುವಾಗ, ಹಿರಿಯ ಕಲಾವಿದರ ಪದ, ಕುಣಿತ, ಮಾತುಗಳನ್ನು ತುಂಡರಿಸದೆ ಒಂದೇ ಓಟದಲ್ಲಿ ಚಿತ್ರೀಕರಿಸಿಡುವ ಕೆಲಸ ಈ ತಲೆಮಾರಿನವರು ಇರುವಾಗಲೇ ನಡೆಯಬೇಕು.